ಪಾಸ್‌ವರ್ಡ್ ಗಾಳ ಮತ್ತು ಸೂಳೆಕೆರೆ ಮೀನು

ಭಾನುವಾರ ಬೆಳಗ್ಗೆ ದಾವಣಗೆರೆಯ ನಮ್ಮ 'ಮನೆ ಮಂದಿ' ಗುಂಪಿಗೆ ದೊಡ್ಡಪ್ಪನ ಫಾರ್ವರ್ಡ್ ಬಂತು, ಜೋಡಿ ಬಾಣದ ಗುರುತಿನ ಸಮೇತ.

ದೊಡ್ಡಪ್ಪ: *ಎಚ್ಚರ!!* ಫಿಶಿಂಗ್ ಎಂಬ ಆನ್‌ಲೈನ್ ಮೋಸದ ಹೆಸರಿನಲ್ಲಿರುವ 'ಪಿಎಚ್' ಎಂದರೆ ಪಾಸ್‌ವರ್ಡ್ ಹಾರ್ವೆಸ್ಟಿಂಗ್. ಹತ್ತು ಜನಕ್ಕೆ ಕಳಿಸಿ 🙏

ಬೆಂಗಳೂರಿನ ಅಕ್ಕ: ಯಾರು ಹೇಳಿದ್ದು ದೊಡ್ಡಪ್ಪ? ಅದು ಆಮೇಲೆ ಕಟ್ಟಿದ ಕತೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಎಒಎಲ್ ಎಂಬ ಇಂಟರ್ನೆಟ್ ಕಂಪನಿಯ ಸೇವೆ ಬಳಸುವವರಿಗೆ 'ನಾವು ಕಂಪನಿಯವರು, ನಿಮ್ಮ ಖಾತೆ ಪರಿಶೀಲಿಸಬೇಕು' ಅಂತ ಮೆಸೇಜ್ ಹಾಕಿ ಪಾಸ್‌ವರ್ಡ್ ಕೇಳುತ್ತಿದ್ದರು. ಗಾಳ ಹಾಕಿದ ಹಾಗೆ. ಅದಕ್ಕೇ ಫಿಶಿಂಗ್. 'ಎಫ್' ಹೋಗಿ 'ಪಿಎಚ್' ಬಂದಿದ್ದು 'ಫೋನ್ ಫ್ರೀಕಿಂಗ್'ನಿಂದ. ಅದು ಟೆಲಿಫೋನ್ ಜಾಲಕ್ಕೆ ಕನ್ನ ಹಾಕುವವರ ಮಾತು. 1996ರ ಜನವರಿಯಲ್ಲೇ ಆಗಿನ ಆನ್‌ಲೈನ್ ಚರ್ಚಾ ಗುಂಪುಗಳ ಜಾಲವಾದ ಯೂಸ್‌ನೆಟ್‌ನಲ್ಲಿ ಈ ಪದ ಸಿಗುತ್ತದೆ.

ಇಷ್ಟುದ್ದ ಮೆಸೇಜ್ ಯಾರು ಓದುತ್ತಾರೆ? ನಾನೂ ಅರ್ಧಕ್ಕೇ ಬಿಟ್ಟೆ.

ದೊಡ್ಡಪ್ಪ: ಹೆಸರು ಏನಾದರೇನಮ್ಮ. ದುರಾಸೆ ಇಲ್ಲದವನಿಗೆ ಮೋಸ ಆಗುವುದಿಲ್ಲ.

ಹರಿಹರದ ಅತ್ತೆ: ಕರೆಂಟ್ ಬಿಲ್ ಬಾಕಿ, ರಾತ್ರಿ ಲೈನ್ ಕಟ್ ಅಂತ ಮೆಸೇಜ್ ಬಂದಾಗ ನಿನಗೆ ಯಾವ ದುರಾಸೆ ಇತ್ತು ಅಣ್ಣ? ಹನ್ನೆರಡು ಸಾವಿರ ಹೋಯ್ತಲ್ಲ.

ದೊಡ್ಡಪ್ಪ: ಅದನ್ನು ಇಲ್ಲಿ ಹಾಕಬೇಕಿತ್ತಾ?

ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ದೊಡ್ಡಮ್ಮ ಏನೋ ಟೈಪ್ ಮಾಡುತ್ತಿರುವುದು ಕಾಣಿಸಿತು. ನಿಂತಿತು. ಮತ್ತೆ ಕಾಣಿಸಿತು. ಮೆಸೇಜ್ ಮಾತ್ರ ಬರಲಿಲ್ಲ.

ಅಕ್ಕ: ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರಾ? ತಕ್ಷಣ ಮಾಡಿದರೆ ದುಡ್ಡು ತಡೆಹಿಡಿಯಬಹುದು.

ಚನ್ನಗಿರಿ ಚಿಕ್ಕಪ್ಪ: ಗಾಳ ಅಂದ ಕೂಡಲೇ ಸೂಳೆಕೆರೆ ನೆನಪಾಯ್ತು 😄 ಬಿದಿರು ಕೋಲು, ದಾರ, ಎರೆಹುಳ. ಮನೆಯೊಳಗೆ ಮೊಟ್ಟೆಯನ್ನೂ ತರುವ ಹಾಗಿರಲಿಲ್ಲ. ನಾನು ಏರಿ ಮೇಲೆ ಕೂತು ಮೀನು ಹಿಡಿದು, ಅಲ್ಲೇ ಕೆಂಡದ ಮೇಲೆ ಸುಟ್ಟು ತಿಂದು ಬರುತ್ತಿದ್ದೆ.

ಅಕ್ಕ: ಚಿಕ್ಕಪ್ಪ, ಒಂದು ನಿಮಿಷ...

ಚಿಕ್ಕಪ್ಪ: ಅಪ್ಪನಿಗೆ ಚಾಡಿ ಹೇಳಿ ಹುಣಸೆ ಬರಲಿನ ಏಟು ಕೊಡಿಸಿದವರು ಇದೇ ಗುಂಪಿನಲ್ಲಿದ್ದಾರೆ. ಬೆಳಗ್ಗೆ ಬೆಳಗ್ಗೆ ನೀತಿ ಬೇರೆ ಹೇಳುತ್ತಾರೆ.

ದೊಡ್ಡಪ್ಪ: ನಾನು ಹೇಳಿಲ್ಲ. ನಲವತ್ತು ವರ್ಷದಿಂದ ಇದೇ ರಾಗ.

ಅತ್ತೆ: ಹೇಳಿದ್ದು ನಾನು.

ಚಿಕ್ಕಪ್ಪ: ???

ಅತ್ತೆ: ನಿನ್ನ ಅಂಗಿ ಒಗೆಯುತ್ತಿದ್ದವಳು ನಾನು ಅಲ್ವಾ? ಎರಡು ಸಲ ಸೋಪು ಹಾಕಿದರೂ ವಾಸನೆ ಹೋಗುತ್ತಿರಲಿಲ್ಲ.

ಚಿಕ್ಕಪ್ಪ ಗುಂಪು ಬಿಟ್ಟರು. ಅಕ್ಕ ಮತ್ತೆ ಸೇರಿಸಿದಳು.

ಅಕ್ಕ: ಎಲ್ಲಾ ಸರಿ. 1930ಕ್ಕೆ ಮಾಡಿದ್ರಾ ಇಲ್ವಾ?

ದೊಡ್ಡಮ್ಮ: ಮಾರನೇ ದಿನ ನಾನೇ ಮಾಡಿದೆ. ಹೋಗಿದ್ದು ಹನ್ನೆರಡಲ್ಲ, ಇಪ್ಪತ್ತೆರಡು.