ಮಲೆನಾಡಿನ ಶಾಲೆಗೆ ಓದುವ ಜಗಲಿ: ಸಿಎನ್‌ಸಿಗೆ ಯಾವ ಪ್ಲೈ, ಯಾವ ಮರ?

ನಕ್ಷೆಗೆರೆ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಆರ್ಕಿಟೆಕ್ಟ್. ತೀರ್ಥಹಳ್ಳಿ ಕಡೆಯ ಒಂದು ಕನ್ನಡ ಶಾಲೆಗೆ ಅಲ್ಲಿನ ಹಳೆ ವಿದ್ಯಾರ್ಥಿಗಳು ಸೇರಿ ಓದುವ ಜಗಲಿ ಕಟ್ಟಿಸಿಕೊಡುತ್ತಿದ್ದಾರೆ. 12 ಅಡಿ ಅಗಲ, 20 ಅಡಿ ಉದ್ದ, ಮೂರು ಕಡೆ ತೆರೆದದ್ದು, ಮೇಲೆ ಹೆಂಚು. ಚೌಕಟ್ಟು, ಪುಸ್ತಕದ ಗೂಡು, ಬೆಂಚು ಎಲ್ಲವನ್ನೂ 18 ಎಂಎಂ ಹಲಗೆಯಲ್ಲಿ ಸಿಎನ್‌ಸಿ ರೂಟರಿನಿಂದ (ಕಂಪ್ಯೂಟರ್ ನಕ್ಷೆ ನೋಡಿ ಹಲಗೆ ಕೊರೆಯುವ ಯಂತ್ರ) ಕತ್ತರಿಸಿ, ಮೊಳೆ ಹೊಡೆಯದೆ ಕಚ್ಚು, ಬೆಣೆಗಳಲ್ಲೇ ಕೂರಿಸಬೇಕು ಅಂತ ಆಸೆ. 2011ರಲ್ಲಿ ಲಂಡನ್ನಿನಲ್ಲಿ ಶುರುವಾದ, ಹೀಗೆ ಕತ್ತರಿಸಿದ ಹಲಗೆಗಳಿಂದ ಮನೆ ಕಟ್ಟುವ ವಿಕಿಹೌಸ್ ಯೋಜನೆಯ ದಾರಿಯೂ ಇದೇ ಅಲ್ವಾ? ಅವರ ನಕ್ಷೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬಡಗಿ ಕೆಲಸ ಕಲಿಯದವರೂ ಕೊಡತಿ ಹಿಡಿದು ಜೋಡಿಸಬಹುದು. ಊರಿನವರೇ ಕೈಹಾಕಿ ಕಟ್ಟುವುದು ನನಗೆ ಮುಖ್ಯ.

ತೊಡಕು ಇರುವುದು ಹಲಗೆಯಲ್ಲಿ. ಒಬ್ಬ ಅಂಗಡಿಯವರು ಹೊರದೇಶದ ಬರ್ಚ್ ಪ್ಲೈ ತಗೊಳ್ಳಿ, ಸಿಎನ್‌ಸಿಗೆ ಅದೇ ಸರಿ ಅಂದರು. ಇನ್ನೊಬ್ಬರು ಡಬ್ಲ್ಯುಪಿಸಿ (ಪ್ಲಾಸ್ಟಿಕ್, ಮರದ ಪುಡಿ ಬೆರೆಸಿದ) ಬೋರ್ಡ್ ತೋರಿಸಿ, ಮರ ಕಡಿಯುವ ಮಾತೇ ಇಲ್ಲ, ನೀರಿಗೂ ಏನೂ ಆಗಲ್ಲ ಅಂದರು. ಮತ್ತೊಬ್ಬರು ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಸಾಕು ಎಂದು ಹೇಳಿ ಕಳಿಸಿದರು. ಕಾಡಿನ ಮರ ಬೇಡ ಎನ್ನುವುದು ಶಾಲೆಯವರ ಒಂದೇ ಷರತ್ತು. ಮಕ್ಕಳು ಗಂಟೆಗಟ್ಟಲೆ ಕೂರುವ ಜಾಗ, ಹಾಗಾಗಿ ಹಲಗೆಯ ಅಂಟಿನಿಂದ ಏಳುವ ಕೆಟ್ಟ ಗಾಳಿಯ ಚಿಂತೆಯೂ ಇದೆ. ಮಾಡಿ ಗೊತ್ತಿರುವವರು ದಾರಿ ಹೇಳಿ.

ಹುಬ್ಬಳ್ಳಿ ರೂಟರ್:
ನಮಸ್ಕಾರ ರೀ. ಹುಬ್ಬಳ್ಳಿಯಲ್ಲಿ ನನ್ನದು ಸಿಎನ್‌ಸಿ ಶಾಪ್. ದಿನವಿಡೀ ಹಲಗೆಗಳ ನಡುವೆಯೇ ಇರುವವನು. ಒಂದೊಂದಾಗಿ ಹೇಳ್ತೀನಿ.

ಡಬ್ಲ್ಯುಪಿಸಿ ಬಿಟ್ಟುಬಿಡಿ. ಆ ಹೆಸರಿನಲ್ಲಿ ನಮ್ಮ ಮಾರುಕಟ್ಟೆಗೆ ಬರುವ ಹಲಗೆಗಳಲ್ಲಿ ಹೆಚ್ಚಿನವು ಪಿವಿಸಿ ಫೋಮ್, ಜೊತೆಗೆ ಒಂದಿಷ್ಟು ಮರದ ಪುಡಿ. ರೂಟರಿನ ಬಿಟ್ (ಕೊರೆಯುವ ಅಲಗು) ತಾಗಿದ ಕೂಡಲೇ ಬಿಳಿ ಪ್ಲಾಸ್ಟಿಕ್ ಚೂರು ಏಳುತ್ತದೆ, ಮೈಗೆ, ಬಟ್ಟೆಗೆ ಎಲ್ಲ ಅಂಟುತ್ತದೆ. ಅದನ್ನು ತಿಪ್ಪೆಗೂ ಹಾಕುವಂತಿಲ್ಲ, ಒಲೆಗೂ ಹಾಕುವಂತಿಲ್ಲ. ಯಾರಾದರೂ ಲೇಸರ್‌ನಲ್ಲಿ ಕತ್ತರಿಸಿಕೊಡಿ ಅಂದರೆ ನಾನು ಒಪ್ಪುವುದೇ ಇಲ್ಲ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಎದೆಗೂ ಕೆಟ್ಟದ್ದು, ಯಂತ್ರದ ಕಬ್ಬಿಣಕ್ಕೂ ಕೆಟ್ಟದ್ದು. ಬಚ್ಚಲುಮನೆ ಬಾಗಿಲಿಗೆ ಆದರೆ ಆಗಲಿ, ಪರಿಸರದ ಹೆಸರಿನಲ್ಲಿ ಶಾಲೆಗೆ ಮಾರುವುದು ನನಗೆ ಒಪ್ಪಿಗೆಯಿಲ್ಲ.

ಎಂಡಿಎಫ್ ಮಲೆನಾಡಿನ ತೆರೆದ ಜಗಲಿಗೆ ಬೇಡವೇ ಬೇಡ. ಒಂದು ಮಳೆಗಾಲಕ್ಕೆ ಅಂಚು ಉಬ್ಬಿ ಬಿಚ್ಚಿಕೊಳ್ಳುತ್ತದೆ. ಅದರ ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಅಂಟೇ ಇರುತ್ತದೆ.

ಬರ್ಚ್ ಕತ್ತರಿಸುವುದಕ್ಕೆ ನಿಜಕ್ಕೂ ಚೆನ್ನ. 18 ಎಂಎಂನಲ್ಲಿ 13 ಪದರ, ಒಳಗೂ ಹೊರಗೂ ಅದೇ ಮರ, ನಡುವೆ ಟೊಳ್ಳು ಸಿಗುವುದಿಲ್ಲ. ಆದರೆ ಅದು ರಷ್ಯಾ, ಬಾಲ್ಟಿಕ್ ಕಡೆಯಿಂದ ಹಡಗು ಹತ್ತಿ ಬರಬೇಕು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರಲ್ಲಿ, ರಷ್ಯಾ ಮತ್ತು ಬೆಲಾರೂಸ್ ಮರಕ್ಕೆ ಎಫ್‌ಎಸ್‌ಸಿ ಮುದ್ರೆ (ಕಾಡು ಹಾಳು ಮಾಡದೆ ತಂದ ಮರ ಎನ್ನುವ ಗುರುತು) ಕೊಡುವುದನ್ನೇ ನಿಲ್ಲಿಸಿದರು. ಪಕ್ಕದ ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಪ್ಲೈಗೆ ಆಗುವ ಮರ ಬೆಳೆಯುವಾಗ ಅಷ್ಟು ದೂರ ಯಾಕೆ ಹೋಗಬೇಕು?

ಹಾಗಾಗಿ ನಮ್ಮ ಕಡೆಯ ಪ್ಲೈ ತಗೊಳ್ಳಿ. ಅಂಗಡಿಯಲ್ಲಿ ಎರಡೇ ಪ್ರಶ್ನೆ ಕೇಳಿ, ಒಳಗಿನ ಮರ ಯಾವುದು, ಅಂಟು ಯಾವುದು. ಮರ ಸಿಲ್ವರ್ ಓಕ್, ನೀಲಗಿರಿ, ಹೆಬ್ಬೇವು ಆಗಿದ್ದರೆ ಅದು ತೋಟದ್ದು, ಹೊಲದ್ದು. 'ಗರ್ಜನ್ ಫೇಸ್', ಅಂದರೆ ಮೇಲಿನ ಪದರ ಗರ್ಜನ್ ಮರದ್ದು, ಅಂತ ಹೆಮ್ಮೆಯಿಂದ ಹೇಳಿದರೆ ಅಲ್ಲೇ ನಿಲ್ಲಿ. ಅದು ಬರ್ಮಾ, ಲಾವೋಸ್ ಕಡೆಯ ಕಾಡಿನ ಮರ. ಶಾಲೆಯವರ ಷರತ್ತು ಮುರಿಯುವುದು ಅಲ್ಲೇ, ಅದೂ ಯಾರಿಗೂ ಗೊತ್ತಾಗದ ಹಾಗೆ. ರಬ್ಬರ್ ಮರದ ಪ್ಲೈ ಒಳಾಂಗಣಕ್ಕೆ ಒಳ್ಳೆಯದು, ಆದರೆ ಅದಕ್ಕೆ ಕುಟ್ಟೆ ಹುಳದ ಕಾಟ ಜಾಸ್ತಿ. ಹುಳಕ್ಕೆಂದು ಕೊಡುವ ಬೋರಾನ್ ಮದ್ದು ಮಳೆಗೆ ತೊಳೆದುಹೋಗುತ್ತದೆ.

ಅಂಟಿನಲ್ಲಿ ಫೀನಾಲ್ ಅಂಟು ಬೇಕು ಅನ್ನಿ. ಯೂರಿಯಾ ಅಂಟಿಗಿಂತ ಅದು ಫಾರ್ಮಾಲ್ಡಿಹೈಡ್ ಎಂಬ ಕೆಟ್ಟ ಗಾಳಿ ಬಿಡುವುದು ತೀರಾ ಕಡಿಮೆ, ನೀರಿಗೂ ತಡೆಯುತ್ತದೆ. ಹಲಗೆಯ ಅಂಚು ನೋಡಿದರೆ ಫೀನಾಲ್ ಅಂಟಿನ ಗೆರೆ ಕಂದುಗಪ್ಪು ಇರುತ್ತದೆ. ಯೂರಿಯಾದ ಗೆರೆ ತಿಳಿಬಣ್ಣ. ಆದರೆ ಯೂರಿಯಾಕ್ಕೆ ಬಣ್ಣ ಬೆರೆಸಿ ಕಪ್ಪು ಮಾಡುವವರೂ ಇದ್ದಾರೆ. ಅದಕ್ಕೇ ಅಂಗೈಯಗಲದ ಒಂದು ತುಂಡು ಕೇಳಿ ತಂದು, ಹಳೆ ಪಾತ್ರೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕುದಿಸಿ. ಪದರ ಬಿಟ್ಟುಕೊಂಡರೆ ಆ ಹಲಗೆ ಬೇಡ. ಐಎಸ್ 710 (ನೀರು ತಡೆಯುವ ಮರೀನ್ ಪ್ಲೈಗೆ ಇರುವ ಭಾರತೀಯ ಮಾನದಂಡ) ಮುದ್ರೆಯ ಹಲಗೆ ಪರೀಕ್ಷೆಯಲ್ಲಿ 72 ಗಂಟೆ ಕುದಿಯುವ ನೀರನ್ನು ತಡೆಯಬೇಕು.

ಇನ್ನೊಂದು ಮಾತು, ಹೆಂಚಿನ ಭಾರವನ್ನು ಪ್ಲೈ ಮೇಲೆ ಹಾಕಬೇಡಿ. ಮಳೆಗೆ ನೆನೆದ ಹೆಂಚು ಇನ್ನೂ ಭಾರ. ಅದನ್ನು ಕಂಬಕ್ಕೆ, ತೊಲೆಗೆ ಬಿಡಿ. ಪ್ಲೈ ಗೂಡು, ಬೆಂಚು, ಅಡ್ಡಗೋಡೆಗೆ ಇರಲಿ. ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕವನ್ನೂ ಮಾಡಿಸಿ.

ಮೂಡಿಗೆರೆ ತೋಟ:
ಹುಬ್ಬಳ್ಳಿಯವರು ಸಿಲ್ವರ್ ಓಕ್ ಹೆಸರು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ತೋಟದಲ್ಲಿ ಅದು ಕಾಫಿಗೆ ನೆರಳು, ಕಾಳುಮೆಣಸಿನ ಬಳ್ಳಿಗೆ ಆಸರೆ. ಆಸ್ಟ್ರೇಲಿಯಾದ ಮರ, ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ. ಪ್ಲೈ ಕಾರ್ಖಾನೆಗೆ ಹೋಗುವ ದಿಮ್ಮಿಗಳಲ್ಲಿ ಅದಕ್ಕೆ ಒಳ್ಳೆ ಬೇಡಿಕೆ.

ಆದರೆ ತೋಟದ ಮರ ಅಂದಮಾತ್ರಕ್ಕೆ ಎಲ್ಲಾ ಸರಿ ಅಂತ ಅಲ್ಲ. ಹಲಸು, ಅತ್ತಿ, ನೇರಳೆ, ನಂದಿ ಇದ್ದ ತೋಟಗಳಲ್ಲಿ ಅವನ್ನು ತೆಗೆದು ಬರೀ ಸಿಲ್ವರ್ ಓಕ್ ತುಂಬಿದವರು ಬೇಕಾದಷ್ಟು ಜನ ಇದ್ದಾರೆ. ಅಂಥ ತೋಟದಲ್ಲಿ ಬೆಳಿಗ್ಗೆ ನಿಂತರೆ ಹಕ್ಕಿ ಕೂಗೇ ಕಡಿಮೆ. ಹಣ್ಣು ಬಿಡುವ ಮರ ಇಲ್ಲದ ಮೇಲೆ ಮಂಗಟ್ಟೆ ಯಾಕೆ ಬರಬೇಕು? ನಿಮಗೆ ತೋಟದವರ ಪರಿಚಯ ಇದ್ದರೆ, ಮಿಶ್ರ ನೆರಳಿನ ತೋಟದಿಂದಲೇ ದಿಮ್ಮಿ ಹೋಗುವಂತೆ ನೋಡಿಕೊಳ್ಳಿ. ಶಾಲೆ ಕೆಲಸ ಅಂದರೆ ಇಲ್ಲ ಅನ್ನುವವರು ಕಡಿಮೆ.

ಕಂಬಕ್ಕೆ ಹೊಸ ಮರ ಹುಡುಕಬೇಡಿ. ತೀರ್ಥಹಳ್ಳಿ, ಕೊಪ್ಪ ಕಡೆ ಹಳೆ ಮನೆ ಬಿಚ್ಚಿದ ಕಂಬ, ತೊಲೆ, ಜಂತಿ ಸಿಗುತ್ತವೆ. ಹೊನ್ನೆ, ಮತ್ತಿ, ಬೋಗಿ ಇರುತ್ತವೆ. ತಲೆಮಾರುಗಳ ಕಾಲ ಹೊಗೆ ಕುಡಿದು ಒಣಗಿದ ಮರ, ಇನ್ನು ಸೊಟ್ಟ ಆಗುವುದಿಲ್ಲ. ನಮ್ಮೂರಿನ ಆಚಾರ್ರು ಅದನ್ನು ಮುಟ್ಟಿ ನೋಡಿಯೇ ಯಾವ ಮರ ಅಂತ ಹೇಳುತ್ತಾರೆ. ಬುಡವನ್ನು ಮಾತ್ರ ಮಣ್ಣಿಗೆ ತಾಗಿಸಬೇಡಿ, ಕಲ್ಲಿನ ಮೇಲೆ ನಿಲ್ಲಿಸಿ. ಗೆದ್ದಲು ಬರುವುದು ಅಲ್ಲಿಂದಲೇ.

ನಕ್ಷೆಗೆರೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಂಬ, ತೊಲೆಗೆ ಹಳೆ ಮನೆ ಮರ, ಉಳಿದದ್ದಕ್ಕೆ ಸಿಲ್ವರ್ ಓಕ್ ಪ್ಲೈ ಅಂತ ನಕ್ಷೆ ಬದಲಿಸುತ್ತೇನೆ. ಕಚ್ಚಿನ ಅಳತೆ ಹೇಗಿಡಲಿ? 18 ಎಂಎಂ ಹಲಗೆಗೆ 18 ಎಂಎಂ ಕಚ್ಚು ಇಟ್ಟರೆ ಸಾಕಾ? ಹಳೆ ತೊಲೆಯನ್ನೂ ರೂಟರಿಗೆ ಹಾಕಬಹುದಾ?

ಹುಬ್ಬಳ್ಳಿ ರೂಟರ್:
18 ಅಂತ ಬರೆದ ಹಲಗೆ 18 ಇರುವುದಿಲ್ಲ. ಒಂದೇ ಹಲಗೆಯ ನಾಲ್ಕು ಮೂಲೆಗೆ ವರ್ನಿಯರ್ ಹಿಡಿದರೆ ನಾಲ್ಕು ಲೆಕ್ಕ ಬರುತ್ತದೆ. ಒಂದು ಕಡೆ 17.4, ಇನ್ನೊಂದು ಕಡೆ 17.8. ಅದಕ್ಕೇ ಹಲಗೆ ಕೈಗೆ ಬಂದ ಮೇಲೆಯೇ ಅಳತೆ ಮುಗಿಸಿ. ನಕ್ಷೆಯಲ್ಲಿ ದಪ್ಪವನ್ನು ಒಂದೇ ಕಡೆ ಬದಲಿಸಿದರೆ ಎಲ್ಲಾ ಕಚ್ಚೂ ಬದಲಾಗುವಂತೆ ಬರೆದಿಡಿ. ಅಳೆದ ಅತಿ ಹೆಚ್ಚಿನ ದಪ್ಪಕ್ಕೆ 0.2 ಎಂಎಂ ಸೇರಿಸಿ ಕಚ್ಚು ಕೊಡಿ. ನಿಮ್ಮ ಕಡೆಯ ತೇವಕ್ಕೆ ಅಷ್ಟು ಸಡಿಲ ಬೇಕು. ಉಳಿದ ಸಡಿಲವನ್ನು ಬೆಣೆ ಹಿಡಿದುಕೊಳ್ಳುತ್ತದೆ.

ಬಿಟ್ ದುಂಡಗಿರುತ್ತದೆ, ಒಳಮೂಲೆ ಚೌಕವಾಗಿ ಬರುವುದಿಲ್ಲ. 6 ಎಂಎಂ ಬಿಟ್ ಆದರೆ ಮೂಲೆಯಲ್ಲಿ 3 ಎಂಎಂ ತ್ರಿಜ್ಯದ ಗುಂಡು ಉಳಿಯುತ್ತದೆ. ಅಲ್ಲಿ ಸ್ವಲ್ಪ ಹೊರಕ್ಕೆ ಕೊರೆಯುವಂತೆ ಡಾಗ್‌ಬೋನ್ ಹಾಕಿ, ಇಲ್ಲದಿದ್ದರೆ ಹಲಗೆ ಪೂರ್ತಿ ಕೂರುವುದಿಲ್ಲ. ಮಕ್ಕಳ ಕೈ ತಾಗುವ ಕಡೆ ಆ ತೂತು ಕಾಣದ ಹಾಗೆ ಒಳಬದಿಗೆ ತಿರುಗಿಸಿ.

ತೇವ ಹೀರಿದರೆ ಮರ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ. ಪ್ಲೈನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಹತೋಟಿಗೆ ಬರುತ್ತದೆ. ಜರ್ಮನಿಯ ಉರ್ಬಾಖ್‌ನಲ್ಲಿ 2019ರಲ್ಲಿ ಕಟ್ಟಿದ 14 ಮೀಟರ್ ಎತ್ತರದ ಗೋಪುರದಲ್ಲಿ ಮರ ಅಡ್ಡಕ್ಕೆ ಹಿಗ್ಗಿ ಕುಗ್ಗುವ ಗುಣವನ್ನೇ ಬಳಸಿಕೊಂಡಿದ್ದಾರೆ. ಚಪ್ಪಟೆ ಹಲಗೆಗಳನ್ನು ಲೆಕ್ಕ ಹಾಕಿ ಒಣಗಿಸಿದ್ದಾರೆ, ಅವು ತಾವಾಗಿಯೇ ಬಾಗಿವೆ. ಮರದ ಸ್ವಭಾವ ಅರಿತು ಕೆಲಸ ಮಾಡುವುದು ಅಂದರೆ ಅದು. ನಿಮಗೆ ಬಾಗಬಾರದು, ಹಾಗಾಗಿ ಕತ್ತರಿಸಿದ ಪ್ರತಿ ಅಂಚಿಗೂ, ಕಚ್ಚಿನ ಒಳಗೂ ಪಾಲಿಶ್ ಬಳಿಯಿರಿ. ನೀರು ಕುಡಿಯುವುದು ಅಂಚು, ಮೇಲ್ಮೈ ಅಲ್ಲ.

ಹಳೆ ತೊಲೆಯನ್ನು ರೂಟರಿಗೆ ಹಾಕುವುದಾದರೆ ಮೊದಲು ಮೆಟಲ್ ಡಿಟೆಕ್ಟರ್ ಆಡಿಸಿ. ಒಳಗೆ ಮುರಿದ ಮೊಳೆ ಇದ್ದೇ ಇರುತ್ತದೆ, ತಾಗಿದರೆ ಬಿಟ್ ಹೋಯಿತು ಅಂತಲೇ. ನನ್ನ ಕೇಳಿದರೆ ತೊಲೆ, ಕಂಬದ ಕೆಲಸ ಆಚಾರ್ರಿಗೆ ಬಿಡಿ. ಉಳಿ ಹಿಡಿದವರಿಗೆ ಆ ಮರ ಗೊತ್ತು.

ಕತ್ತರಿಸುವಾಗ ಧೂಳು ಹೀರುವ ಯಂತ್ರ ಇರುವ ಶಾಪಿಗೇ ಹೋಗಿ. ಮರದ ಧೂಳು, ಫಾರ್ಮಾಲ್ಡಿಹೈಡ್ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಮೊದಲ ಗುಂಪಿನಲ್ಲಿವೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಅಂತ ಖಚಿತವಾದವು. ಯಂತ್ರದ ಮುಂದೆ ನಿಲ್ಲುವ ಹುಡುಗರ ಎದೆಯೂ ನಮ್ಮ ಲೆಕ್ಕದಲ್ಲಿ ಬರಬೇಕು.

ಎಲ್ಲ ಹಲಗೆ ಒಟ್ಟಿಗೆ ಕತ್ತರಿಸಬೇಡಿ. ಒಂದು ಗೂಡಿನ ಎರಡು ತುಂಡು, ಒಂದು ಬೆಣೆ ಮಾತ್ರ ಮಾಡಿಸಿ, ಜೂನ್ ಮಳೆ ಹಿಡಿದ ಮೇಲೆ ಶಾಲೆಯಲ್ಲೇ ಜೋಡಿಸಿ ಬಿಚ್ಚಿ ನೋಡಿ. ನಕ್ಷೆಯ ಫೈಲನ್ನು ಡಿಎಕ್ಸ್‌ಎಫ್‌ ರೂಪದಲ್ಲಿ (ಯಂತ್ರದ ತಂತ್ರಾಂಶ ಓದುವ ನಕ್ಷೆ ಫೈಲು) ಕಳಿಸಿದರೆ ಒಂದು ಹಲಗೆಯಲ್ಲಿ ಎಷ್ಟು ತುಂಡು ಕೂರುತ್ತದೆ ಅಂತ ನಾನೇ ಜೋಡಿಸಿ ಕೊಡ್ತೀನಿ. ಬೆಂಚಿನ ಕಾಲನ್ನು ಒಂದೆರಡು ಇಂಚು ಕಿರಿದು ಮಾಡಿದರೆ ಒಂದು ಹಲಗೆಯೇ ಉಳಿಯಬಹುದು.