ಸ್ಪ್ರೆಡ್ ಅಫೆನ್ಸ್ ನೋಡುವಾಗ ಕಣ್ಣು ಎಲ್ಲಿಡಬೇಕು?

ಕೇಳಿದ್ದು: ಓಹಾಯೋಗೆ ಬಂದು ಒಂದು ವರ್ಷ ಆಯಿತು. ಶನಿವಾರ ಬಂದರೆ ಆಫೀಸಿನವರು ಕಾಲೇಜ್ ತಂಡಗಳ ಅಮೆರಿಕನ್ ಫುಟ್‌ಬಾಲ್ ನೋಡಲು ಕರೆಯುತ್ತಾರೆ. ಎಲ್ಲರ ಬಾಯಲ್ಲೂ ‘ಸ್ಪ್ರೆಡ್’. ನನಗೆ ಕಾಣುವುದು ತಳ್ಳಾಟ ಮಾತ್ರ. ಅದರಲ್ಲಿ ಅಂಥದ್ದೇನಿದೆ? ಗೊತ್ತಿರುವವರು ಹೇಳಿ.

ಮಿಷಿಗನ್‌ನಲ್ಲಿ ಓದಿದವರು: ನಾನೂ ಹೀಗೇ ಇದ್ದೆ. 2007ರ ಸೆಪ್ಟೆಂಬರ್ 1, ಮಿಷಿಗನ್ ತಂಡದ ಊರು ಆನ್ ಆರ್ಬರ್. ಮಿಷಿಗನ್ 5ನೇ ರ್‍ಯಾಂಕಿನ ತಂಡ, ಎದುರಿಗೆ ಕೆಳಗಿನ ವಿಭಾಗದ ಅಪಲಾಚಿಯನ್ ಸ್ಟೇಟ್. ಲಕ್ಷಕ್ಕೂ ಜಾಸ್ತಿ ಜನ. ಪಕ್ಕದ ಸೀಟಿನ ಅಜ್ಜ ಕಡಲೆಕಾಯಿ ಸುಲಿಯುತ್ತಾ ನಗುತ್ತಿದ್ದರು. ಅರ್ಧ ಆಟಕ್ಕೆ 28-17, ಅದೂ ಅತಿಥಿಗಳೇ ಮುಂದೆ! ಅಜ್ಜನ ಕಡಲೆಕಾಯಿ ಹಾಗೇ ಉಳಿಯಿತು. ಕೊನೆಗೆ ಮಿಷಿಗನ್ 34-32ರಲ್ಲಿ ಸೋತಿತು.

ಮಿಷಿಗನ್ ಹುಡುಗರು ದೈತ್ಯರು. ಆದರೆ ಎದುರಿನವರು ಮೈಗೆ ಮೈ ಕೊಡಲೇ ಇಲ್ಲ. ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳನ್ನು ಮೈದಾನದ ಎರಡೂ ಅಂಚಿಗೆ ಹರಡಿ ನಿಲ್ಲಿಸಿದರು, ಸ್ಪ್ರೆಡ್ ಅಂದರೆ ಇದೇ. ಮೈದಾನದ ಅಗಲ 160 ಅಡಿ. ಅವರನ್ನು ಕಾಯಲು ಡಿಫೆನ್ಸ್‌ನವರೂ ಅಂಚಿಗೆ ಹೋಗಲೇಬೇಕು. ಆಗ ನಡುವೆ ಜಾಗ ಖಾಲಿ.

ಚೆಂಡು ನೋಡಬೇಡಿ. ಡಿಫೆನ್ಸ್‌ನ ತುದಿಯಲ್ಲಿ ನಿಂತ ಎಂಡ್‌ನನ್ನು ನೋಡಿ. ‘ಜೋನ್ ರೀಡ್’ ಆಟದಲ್ಲಿ ಅವನನ್ನು ಬೇಕಂತಲೇ ಯಾರೂ ತಡೆಯುವುದಿಲ್ಲ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು, ಅದನ್ನು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದು, ಎಂಡ್‌ನ ಕಡೆಗೇ ನೋಡುತ್ತಿರುತ್ತಾನೆ. ಎಂಡ್ ಒಳಗೆ ನುಗ್ಗಿದನೋ, ಚೆಂಡು ಎಳೆದುಕೊಂಡು ತಾನೇ ಹೊರಗಡೆ ಓಟ. ಎಂಡ್ ನಿಂತಲ್ಲೇ ನಿಂತನೋ, ಚೆಂಡು ಬ್ಯಾಕ್‌ನ ಕೈಗೆ. ಪಾಪ ಎಂಡ್‌ನದು ಅತ್ತ ದರಿ, ಇತ್ತ ಪುಲಿ. ತಡೆಯದೆ ಬಿಟ್ಟಿದ್ದರಿಂದ ಎದುರಾಳಿಯನ್ನು ತಡೆಯುವ ಒಬ್ಬ ಬ್ಲಾಕರ್ ಬೇರೆ ಕಡೆಗೆ ಸಿಗುತ್ತಾನೆ, ಅದು ಬಡ್ಡಿ. ಆ ದಿನ ಅಪಲಾಚಿಯನ್ ಕ್ವಾರ್ಟರ್‌ಬ್ಯಾಕ್ ಅರ್ಮಾಂಟಿ ಎಡ್ವರ್ಡ್ಸ್ ಇದನ್ನೇ ಮಾಡಿ ನಮ್ಮ ಹೊಟ್ಟೆ ಉರಿಸಿದ.

ಇನ್ನೊಬ್ಬರು: ಹೊಗಳಿಕೆ ಸ್ವಲ್ಪ ಜಾಸ್ತಿ ಆಯಿತು ಸಾರ್. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಮ್ಮ ಮಿಷಿಗನ್ ಸ್ಪ್ರೆಡ್‌ಗೆ ಹೆಸರಾದ ರಿಚ್ ರಾಡ್ರಿಗಸ್ ಅವರನ್ನೇ ಕೋಚ್ ಮಾಡಿಕೊಂಡಿತು. 2008ರಲ್ಲಿ 3 ಗೆಲುವು, 9 ಸೋಲು! ಹಳೇ ಪದ್ಧತಿಗೆ ಆರಿಸಿದ ಹುಡುಗರ ಕೈಯಲ್ಲಿ ಹೊಸ ಆಟ ಆಡಿಸಿದರೆ ಇನ್ನೇನಾಗುತ್ತೆ? 2012ರಲ್ಲಿ ಸ್ಟ್ಯಾನ್‌ಫರ್ಡ್ ಹಳೇ ಗುದ್ದಾಟದ ಶೈಲಿಯಲ್ಲೇ ಒರೆಗನ್‌ನ ಮಿಂಚಿನ ಸ್ಪ್ರೆಡ್ಡನ್ನು 17-14ಕ್ಕೆ ಕಟ್ಟಿಹಾಕಿತು.

ಟೆಕ್ಸಸ್‌ನವರು: ಮೇಲಿನದು ಓಡುವ ಸ್ಪ್ರೆಡ್. ನಮ್ಮ ಲಬಕ್ ಊರಿನ ಟೆಕ್ಸಸ್ ಟೆಕ್‌ನಲ್ಲಿ ಕೋಚ್ ಆಗಿದ್ದ ಮೈಕ್ ಲೀಚ್ ಅವರದು ಎಸೆಯುವ ಸ್ಪ್ರೆಡ್ ಆಗಿತ್ತು. ಕೆಲವೇ ತಂತ್ರ, ಅವನ್ನೇ ದಿನಾ ತಿದ್ದುತ್ತಿದ್ದರು. ಹೆಸರು ಒಂದೇ, ಅಡುಗೆ ಬೇರೆ.

ಓಹಾಯೋದವರು: ಅದಕ್ಕೇ ಸ್ಪ್ರೆಡ್ ಅಂದರೆ ಬರೀ ಪಾಸ್, ಅಂದರೆ ಎಸೆತ, ಅಂದುಕೊಳ್ಳಬೇಡಿ. ನಮ್ಮ ಓಹಾಯೋ ಸ್ಟೇಟ್ 2015ರ ಜನವರಿಯಲ್ಲಿ ಒರೆಗನ್ ವಿರುದ್ಧ 42-20ರಲ್ಲಿ ಚಾಂಪಿಯನ್ ಆದಾಗ ಎಝಿಕೀಲ್ ಎಲಿಯಟ್ ಓಡಿಯೇ 246 ಗಜ ಗಳಿಸಿದ. ಆಗಿನ ಕೋಚ್ ಅರ್ಬನ್ ಮೇಯರ್ ಸ್ಪ್ರೆಡ್‌ನಲ್ಲೇ ಹೆಸರು ಮಾಡಿದವರು.

ಟಿವಿಯಲ್ಲಿ ಅಂಚಿನ ರಿಸೀವರ್‌ಗಳು ಎಷ್ಟೋ ಸಲ ಕಾಣುವುದೇ ಇಲ್ಲ. ಒಮ್ಮೆ ಸ್ಟೇಡಿಯಂಗೆ ಹೋಗಿ. ಕೆಳಗಿನ ಸಾಲಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಪೂರ್ತಿ ಅಗಲ ಕಾಣುವುದು ಮೇಲಿನ ಸಾಲಿನಿಂದಲೇ. ನವೆಂಬರ್ ಆಟವಾದರೆ ಊರಿಂದ ತಂದ ಮಂಕಿ ಕ್ಯಾಪ್ ಮರೆಯಬೇಡಿ.