ಅಪ್‌ಡೇಟ್: ವಿಮ್‌ನಲ್ಲಿ ಪೈಥಾನ್ ಇಂಡೆಂಟ್ ಕೊನೆಗೂ ಸರಿಯಾಯಿತು

ಹೋದ ವಾರ ಕೇಳಿದ್ದೆನಲ್ಲ, ವಿಮ್ ಅನ್ನುವ ಕೋಡ್ ಎಡಿಟರಿನಲ್ಲಿ ಪೈಥಾನ್ ಫಂಕ್ಷನ್ ಶುರುಮಾಡುವ ಡೆಫ್ ಸಾಲು ಬರೆದು ಎಂಟರ್ ಒತ್ತಿದರೆ ಮುಂದಿನ ಸಾಲು ಒಳಗೆ ಹೋಗುತ್ತಿಲ್ಲ (ಇಂಡೆಂಟ್ ಆಗುತ್ತಿಲ್ಲ), # ಹಾಕಿದರೆ ಕಮೆಂಟ್ ಎಡ ಅಂಚಿಗೆ ಓಡಿಹೋಗುತ್ತದೆ ಅಂತ. ಈಗ ಎಲ್ಲ ಸರಿಹೋಗಿದೆ.

ಮೊದಲು ಆಟೊಇಂಡೆಂಟ್ ಅನ್ನುವ ಸೆಟ್ಟಿಂಗ್ ಹಾಕಿ ನೋಡಿದೆ. ಅದು ಹಿಂದಿನ ಸಾಲಿನ ಜಾಗವನ್ನೇ ಹೊಸ ಸಾಲಿಗೂ ಕೊಡುತ್ತದೆ, ಅಷ್ಟೇ. ಡೆಫ್ ಸಾಲಿನ ಕೊನೆಯ ಕೋಲನ್ ನೋಡಿ ಒಳಗೆ ಹೋಗಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸೆಟ್ ಪೇಸ್ಟ್ ಹಾಕಿದಾಗ ಇನ್ನೂ ಕೆಟ್ಟಿತು. ಇದ್ದ ಇಂಡೆಂಟೂ ನಿಂತುಹೋಯಿತು! ಅದು ಹೊರಗಿನಿಂದ ಕೋಡ್ ತಂದು ಅಂಟಿಸುವಾಗ ಮಾತ್ರ ಬೇಕು.

ಕೆಲಸ ಮಾಡಿದ್ದು 'ಫೈಲ್‌ಟೈಪ್ ಪ್ಲಗಿನ್ ಇಂಡೆಂಟ್ ಆನ್' ಅನ್ನುವ ಒಂದೇ ಸಾಲು. ಅದನ್ನು ವಿಮ್‌ಆರ್‌ಸಿಯಲ್ಲಿ (ವಿಮ್‌ನ ಸೆಟ್ಟಿಂಗ್ ಫೈಲ್) ಸೇರಿಸಿ, ಅಲ್ಲಿ ಮೊದಲೇ ಇದ್ದ ಸ್ಮಾರ್ಟ್‌ಇಂಡೆಂಟ್ ಸೆಟ್ಟಿಂಗ್ ತೆಗೆದೆ. ಹೇಳಿದವರಿಗೆ ಒಂದು ಫಿಲ್ಟರ್ ಕಾಫಿ ಬಾಕಿ ಇದೆ.

# ಓಡಿಹೋಗುತ್ತಿದ್ದದ್ದು ಸ್ಮಾರ್ಟ್‌ಇಂಡೆಂಟ್‌ನಿಂದಲೇ. ಸಿ ಭಾಷೆಯಲ್ಲಿ ಇನ್‌ಕ್ಲೂಡ್ ಥರದ ಸಾಲುಗಳು # ಇಂದ ಶುರುವಾಗುತ್ತವೆ ಅಲ್ವಾ, ಪೈಥಾನ್ ಕಮೆಂಟನ್ನೂ ಅದು ಹಾಗೇ ಅಂದುಕೊಳ್ಳುತ್ತದೆ. ಹೆಸರು ಮಾತ್ರ ಸ್ಮಾರ್ಟ್!

ಹಳೆಯ ಫೈಲಿನಲ್ಲಿ ಟ್ಯಾಬ್, ಸ್ಪೇಸ್ ಎರಡೂ ಬೆರೆತು ಪೈಥಾನ್‌ನಿಂದ ಟ್ಯಾಬ್‌ಎರರ್ ಅನ್ನುವ ದೋಷ ಬರುತ್ತಿತ್ತು. ಟ್ಯಾಬ್‌ಗಳನ್ನು ಬದಲಿಸುವ ರೀಟ್ಯಾಬ್ ಕಮಾಂಡನ್ನು ಸುಮ್ನೆ ಕೊಟ್ಟೆ, ಪ್ರತಿ ಟ್ಯಾಬ್ 8 ಸ್ಪೇಸ್ ಆಗಿ ಕೂತಿತು. ನನ್ನಲ್ಲಿ ಟ್ಯಾಬ್‌ಸ್ಟಾಪ್ (ಒಂದು ಟ್ಯಾಬ್‌ನ ಅಗಲ) 8 ಇತ್ತು, ರೀಟ್ಯಾಬ್ ಲೆಕ್ಕ ಹಾಕುವುದು ಅದರಿಂದಲೇ. ಅಂಡೂ ಮಾಡಿ, ಟ್ಯಾಬ್‌ಸ್ಟಾಪ್ 4 ಮಾಡಿ, ಮತ್ತೆ ಕೊಟ್ಟ ಮೇಲೆ ಸರಿಹೋಯಿತು.

ನಿಮ್ಮ ಸೆಟ್ಟಿಂಗನ್ನು ಯಾವ ಫೈಲ್ ಬದಲಿಸುತ್ತಿದೆ ಅಂತ ಗೊತ್ತಾಗದಿದ್ದರೆ 'ವರ್ಬೋಸ್ ಸೆಟ್ ಶಿಫ್ಟ್‌ವಿಡ್ತ್' (ಶಿಫ್ಟ್‌ವಿಡ್ತ್ ಅಂದರೆ ಒಂದು ಇಂಡೆಂಟ್‌ನ ಅಗಲ) ಬರೆದು ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಫೈಲಿನ ಹೆಸರನ್ನೇ ತೋರಿಸುತ್ತದೆ.